ಜಾನರ್ ಬಿಡಿ, ಆಲ್ಬಮ್ ಒಳಗೆ ಜಾಗ ಎಷ್ಟಿದೆ ಹೇಳಿ

ಮಂದ್ರ

ಜಾಝ್ ಕೇಳೋರಿಗೆ ಮೆಟಲ್ ಅಂದ್ರೆ ಗಲಾಟೆ, ಮೆಟಲ್ ಕೇಳೋರಿಗೆ ಆಂಬಿಯೆಂಟ್ ಅಂದ್ರೆ ನಿದ್ದೆ, ಶಾಸ್ತ್ರೀಯ ಕೇಳೋ ಎಷ್ಟೋ ಜನಕ್ಕೆ ಹಿಪ್‌ಹಾಪ್ ಸಂಗೀತಾನೇ ಅಲ್ಲ. ನಾನು ಎಲ್ಲಾನೂ ಕೇಳ್ತೀನಿ, ಕೇಳ್ತಾ ಕೇಳ್ತಾ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿದೆ, ಅದನ್ನ ಆಲ್ಬಮ್ ಹಿಡ್ಕೊಂಡೇ ಹೇಳ್ತೀನಿ, ಒಪ್ಪದೇ ಇರೋರು ಜಗಳಾನೇ ಆಡಿ ಪರವಾಗಿಲ್ಲ. ಒಂದು ಆಲ್ಬಮ್ ವರ್ಷಗಟ್ಟಲೆ ಬಾಳುತ್ತೋ ಇಲ್ವೋ ಅನ್ನೋದು ಅದರಲ್ಲಿ ನುಡಿಸೋರು ಒಬ್ಬರಿಗೊಬ್ಬರು ಎಷ್ಟು ಜಾಗ ಬಿಟ್ಟಿದಾರೆ ಅನ್ನೋದ್ರ ಮೇಲೆ ನಿಂತಿದೆ. ಜಾನರ್, ಅಂದ್ರೆ ಸಂಗೀತದ ಬಗೆ ಯಾವುದು ಅನ್ನೋದು ಆಮೇಲಿನ ಮಾತು.

ಮೈಲ್ಸ್ ಡೇವಿಸ್‌ನ ಜಾಝ್ ಆಲ್ಬಮ್ ಕೈಂಡ್ ಆಫ್ ಬ್ಲೂ ಎಲ್ಲರಿಗೂ ಗೊತ್ತಿರೋದು ತಾನೇ ಅಂತ ಬಿಟ್ಟುಬಿಟ್ರೆ ನನ್ನ ಮಾತಿಗೆ ಬುಡಾನೇ ಇರಲ್ಲ, ಹಾಗಾಗಿ ಅದರಿಂದಲೇ ಶುರು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದ ರೆಕಾರ್ಡಿಂಗ್, ನ್ಯೂಯಾರ್ಕಿನ ಕೊಲಂಬಿಯಾ ಕಂಪನಿಯ 30ನೇ ಸ್ಟ್ರೀಟ್ ಸ್ಟುಡಿಯೋ. ಮೈಲ್ಸ್ ಡೇವಿಸ್ ಟ್ರಂಪೆಟ್, ಕೋಲ್ಟ್ರೇನ್ ಟೆನರ್ ಸ್ಯಾಕ್ಸ್, ಕ್ಯಾನನ್‌ಬಾಲ್ ಆಡರ್ಲಿ ಆಲ್ಟೋ, ಬಿಲ್ ಎವನ್ಸ್ ಪಿಯಾನೋ, ಒಂದು ಟ್ಯೂನಿಗೆ ಮಾತ್ರ ವಿಂಟನ್ ಕೆಲ್ಲಿ, ಪಾಲ್ ಚೇಂಬರ್ಸ್ ಬೇಸ್, ಜಿಮ್ಮಿ ಕಾಬ್ ಡ್ರಮ್ಸ್. ಅದಕ್ಕಿಂತ ಮುಂಚಿನ ವೇಗದ ಜಾಝ್ ಬೀಬಾಪ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಚ್ಛ) ಒಂದರ ಬೆನ್ನಿಗೆ ಒಂದು ಓಡ್ತಿದ್ವು, ಸೋಲೋ ನುಡಿಸೋನು ಅವುಗಳ ಹಿಂದೆ ಏದುಸಿರು ಬಿಟ್ಕೊಂಡು ಓಡಬೇಕಿತ್ತು. ಇಲ್ಲಿ ಮೊದಲನೇ ಟ್ಯೂನ್ ಸೋ ವಾಟ್ ನೋಡಿ, 16 ಬಾರ್ (ತಾಳದ ಸುತ್ತು) ಒಂದೇ ಸ್ಕೇಲು, ಆಮೇಲೆ 8 ಬಾರ್ ಅದೇ ಸ್ಕೇಲು ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಮೊದಲಿನ ಜಾಗಕ್ಕೇ ವಾಪಸ್. ಆ ಸ್ಕೇಲಿಗೆ ಡೋರಿಯನ್ ಅಂತಾರೆ, ಅದರ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯದ ಸ್ವರಗಳೇ, ಹಿಂದೂಸ್ತಾನಿ ಲೆಕ್ಕದಲ್ಲಿ ಕಾಫಿ ಥಾಟ್. ಗಮಕ ಇಲ್ಲ, ರಾಗದ ನಡೆ ಇಲ್ಲ, ಅದು ರಾಗ ಅಂತ ನಾನು ಹೇಳ್ತಿಲ್ಲ, ಆದ್ರೆ ಒಂದೇ ಸ್ವರಗುಂಪಿನಲ್ಲಿ ನಿಂತು ನಿಧಾನವಾಗಿ ಬೆಳೆಸ್ಕೊಂಡು ಹೋಗೋ ಸುಖ ನಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಮೈಲ್ಸ್ ಸೋಲೋ ಕೇಳಿ, ಎರಡು ಸ್ವರ ಊದಿ ಸುಮ್ಮನಾಗ್ತಾನೆ, ಆ ಸುಮ್ಮನಿರೋ ಹೊತ್ತಲ್ಲಿ ಬೇಸ್ ನಡ್ಕೊಂಡು ಹೋಗೋದು ಕೇಳುತ್ತೆ.

ಅದೇ 30ನೇ ಸ್ಟ್ರೀಟ್ ಸ್ಟುಡಿಯೋಗೆ ಇನ್ನೊಬ್ಬ ಬಂದಿದ್ದ, ಪಿಯಾನೋ ವಾದಕ ಗ್ಲೆನ್ ಗೂಲ್ಡ್. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಸೂರು, ಮರದ ನೆಲ. 1955ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಅಲ್ಲೇ ನುಡಿಸಿದ, 1981ರಲ್ಲಿ ಅದೇ ಜಾಗಕ್ಕೆ ಬಂದು ಅದೇ ಕೃತಿಯನ್ನ ಮತ್ತೆ ನುಡಿಸಿದ, ಮಾರನೇ ವರ್ಷ ತೀರಿಕೊಂಡ. ಮೊದಲನೇದು ಸುಮಾರು 38 ನಿಮಿಷ, ಎರಡನೇದು ಸುಮಾರು 51. ಮೊದಲನೇದು ಬೆರಗು ಹುಟ್ಸುತ್ತೆ, ಬೆರಳುಗಳ ವೇಗಕ್ಕೆ ತಲೆ ಬಾಗಲೇಬೇಕು. ಆದ್ರೆ ನಾನು ಮತ್ತೆ ಮತ್ತೆ ಹೋಗೋದು 1981ಕ್ಕೆ. ಏರಿಯಾ ಅನ್ನೋ ಶುರುವಿನ ಟ್ಯೂನ್ ಹಳೇದ್ರಲ್ಲಿ ಎರಡು ನಿಮಿಷದೊಳಗೆ ಮುಗಿಯುತ್ತೆ, ಹೊಸದ್ರಲ್ಲಿ ಮೂರು ನಿಮಿಷ ದಾಟುತ್ತೆ, ಅಲ್ಲಿ ಒಂದೊಂದು ಸ್ವರ ಅಳಿದು ಹೋಗೋ ತನಕ ಕಾದು ಮುಂದಿನದನ್ನ ಇಡ್ತಾನೆ. ಜೊತೆಗೆ ಅವನು ಗುನುಗೋದೂ ಕೇಳುತ್ತೆ, ಕೆಲವರಿಗೆ ಅದು ಕಿರಿಕಿರಿ, ನನಗೆ ಆ ಗುನುಗು ಇಲ್ದೇ ಇದ್ರೆ ಆ ರೆಕಾರ್ಡಿಂಗ್ ಪೂರ್ತಿ ಅನ್ಸಲ್ಲ.

ಒಂದೇ ಕೋಣೆ, ಒಂದು ಜಾಝ್ ಇನ್ನೊಂದು ಬರೋಕ್, ಅಂದ್ರೆ ಬಾಖ್ ಕಾಲದ ಯುರೋಪಿನ ಶಾಸ್ತ್ರೀಯ ಸಂಗೀತ. ಎರಡನ್ನೂ ಬೇರೆ ಬೇರೆ ಕಪಾಟಲ್ಲಿ ಇಡೋದು ಅಂಗಡಿಯವರ ಅನುಕೂಲಕ್ಕೆ.

ಇನ್ನು ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್. ದ ಡಾರ್ಕ್ ಸೈಡ್ ಆಫ್ ದ ಮೂನ್ 1973ರಲ್ಲಿ ಬಂತು, 1988ರ ತನಕ ಬಿಲ್‌ಬೋರ್ಡ್ 200 ಅನ್ನೋ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಒಟ್ಟು 741 ವಾರ ಕೂತಿತ್ತು, ಅದರ ದೊಡ್ಡತನದ ಬಗ್ಗೆ ನನಗೇನೂ ತಕರಾರಿಲ್ಲ, ಕ್ಲೇರ್ ಟೋರಿ ಒಂದೇ ಒಂದು ಪದ ಇಲ್ಲದೆ ಹಾಡಿರೋದು ಕೇಳಿದ್ರೆ ಇವತ್ತಿಗೂ ಮೈ ಜುಮ್ ಅನ್ನುತ್ತೆ. ಆದ್ರೆ ನನ್ನ ಆಯ್ಕೆ 1975ರ ವಿಶ್ ಯೂ ವರ್ ಹಿಯರ್. ಮೊದಲ ಹಾಡಲ್ಲಿ ಗಿಟಾರಿನ ಆ ನಾಲ್ಕು ಸ್ವರ ಬಂದು ಗಾಳಿಯಲ್ಲಿ ನೇತಾಡುತ್ತೆ, ಹಾಡೋ ದನಿ ಬರೋದು ಎಂಟು ನಿಮಿಷ ದಾಟಿದ ಮೇಲೆ. ಅಷ್ಟು ಹೊತ್ತು ಕೇಳುಗನನ್ನ ನಂಬಿ ಕಾಯಿಸ್ತಾರಲ್ಲ, ಆ ನಂಬಿಕೆ ನನಗೆ ಬಹಳ ಇಷ್ಟ.

ಮೆಟಲ್‌ಗೂ ಇದೇ ಅನ್ವಯ ಆಗುತ್ತೆ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ 1970ರ ಫೆಬ್ರವರಿ 13ಕ್ಕೆ ಬಂತು, ಹೆಚ್ಚುಕಮ್ಮಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು. ಮಳೆ, ಗಂಟೆ, ಆಮೇಲೆ ಮೂರೇ ಸ್ವರದ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು. ಒಂದು ಸಲ ನುಡಿಸ್ತಾರೆ, ನಿಲ್ಲಿಸ್ತಾರೆ, ಮತ್ತೆ ನುಡಿಸ್ತಾರೆ. ಭಯ ಇರೋದು ಆ ನಿಲ್ಲಿಸೋದ್ರಲ್ಲಿ. ಅದನ್ನೇ ಎರಡರಷ್ಟು ವೇಗದಲ್ಲಿ ನುಡಿಸಿದ್ರೆ ಸಾಮಾನ್ಯ ರಾಕ್ ಹಾಡು ಆಗ್ತಿತ್ತು.

ಲೋಹಪ್ರೇಮಿ

ಸಬ್ಬತ್ ಹೆಸರು ತೆಗೆದಿದ್ದಕ್ಕೆ ಖುಷಿ ಆಯ್ತು ಗುರು. ಒಂದು ವಿಷಯ ಸೇರಿಸ್ತೀನಿ, ಅವರ ಗಿಟಾರ್ ವಾದಕ ಟೋನಿ ಅಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದಾಗ ಬಲಗೈ ಎರಡು ಬೆರಳಿನ ತುದಿ ಹೋಯ್ತು, ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈನೇ ಅದು. ತುದಿಗೆ ತಾನೇ ಟೊಪ್ಪಿ ಥರ ಮಾಡ್ಕೊಂಡು ಹಾಕ್ಕೊಂಡ, ತೆಳ್ಳಗಿರೋ ತಂತಿ ಹಾಕಿದ, 1971ರ ಮಾಸ್ಟರ್ ಆಫ್ ರಿಯಾಲಿಟಿ ಹೊತ್ತಿಗೆ ತಂತಿಗಳ ಶ್ರುತಿನೇ ಕೆಳಗಿಳಿಸಿದ, ಬೆರಳಿಗೆ ನೋವು ಕಮ್ಮಿ ಆಗ್ಲಿ ಅಂತ. ಆ ಕೆಳಗಿನ ಶ್ರುತಿಯಿಂದ ಬಂದ ತೂಕಾನೇ ಇವತ್ತಿಗೂ ನಿಧಾನವಾದ, ಭಾರವಾದ ಡೂಮ್ ಮೆಟಲ್‌ನ ಅಡಿಪಾಯ.

ಆದ್ರೆ ಜಾಗ ಜಾಗ ಅಂತ ಹೇಳ್ತಾ ಹೋದ್ರೆ ಅರ್ಧ ಮೆಟಲ್ ನಿಮ್ಮ ಪಟ್ಟಿಯಿಂದ ಆಚೆ ಹೋಗುತ್ತೆ. ಆಂಡ್ ಜಸ್ಟಿಸ್ ಫಾರ್ ಆಲ್ ಏನ್ ಮಾಡ್ತೀರಾ? 1988ರ ಆಲ್ಬಮ್, ಗಿಟಾರ್ ಮೇಲೆ ಗಿಟಾರ್, ಡ್ರಮ್ಸ್ ಒಣಗಿದ ಕಟ್ಟಿಗೆ ಥರ ಪಟಪಟ ಅನ್ನುತ್ತೆ, ಎಲ್ಲೂ ಉಸಿರು ಬಿಡೋಕೆ ಎಡೆ ಇಲ್ಲ. ನನಗೆ ಅದು ಮೆಟಾಲಿಕಾದ ಅತ್ಯುತ್ತಮ ಆಲ್ಬಮ್, 1986ರ ಮಾಸ್ಟರ್ ಆಫ್ ಪಪೆಟ್ಸ್‌ಗಿಂತ ಒಂದು ಕೈ ಮೇಲೆ. ಕೋಪ ಇರೋ ಸಂಗೀತಕ್ಕೆ ಆ ಒಣ ಸದ್ದೇ ಸರಿ.

ಬೀಟ್ ಹುಚ್ಚ

ಮೇಲಿನವರ ಮಾತಿಗೆ ನಂದೂ ಒಂದು ಸೇರಿಸ್ಕೊಳ್ಳಿ. ಅದೇ 1988, ಹಿಪ್‌ಹಾಪ್ ತಂಡ ಪಬ್ಲಿಕ್ ಎನಿಮಿಯ ಇಟ್ ಟೇಕ್ಸ್ ಎ ನೇಶನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್. ಬಾಂಬ್ ಸ್ಕ್ವಾಡ್ ಅನ್ನೋ ಪ್ರೊಡ್ಯೂಸರ್ ತಂಡ ಮಾಡಿದ್ದು. ಸೈರನ್, ಭಾಷಣದ ತುಣುಕು, ಜೇಮ್ಸ್ ಬ್ರೌನ್ ಬ್ಯಾಂಡಿನ ಸ್ಯಾಕ್ಸ್ ಕಿರುಚಾಟ, ಡ್ರಮ್ ಲೂಪ್ ಮೇಲೆ ಡ್ರಮ್ ಲೂಪ್, ಅದರ ಮೇಲೆ ರ್ಯಾಪ್ ಮಾಡೋ ಚಕ್ ಡಿ ದನಿ. ಜಾಗಾನೇ ಇಲ್ಲ. ಬೇಕು ಅಂತಲೇ ಜಾಗ ಇಲ್ಲದ ಹಾಗೆ ಮಾಡಿರೋದು, ನಗರದ ಗದ್ದಲ, ಟಿವಿ, ಪೊಲೀಸು, ಎಲ್ಲಾ ಒಟ್ಟಿಗೆ ನುಗ್ಗಿ ಬರೋ ಹಾಗೆ. ಇದನ್ನ ಕೆಟ್ಟ ಆಲ್ಬಮ್ ಅಂತೀರಾ? ಅಂದ್ರೆ ನಿಮ್ಮ ಲೆಕ್ಕ ತಪ್ಪು ಅಂತ ನಾನು ನೇರವಾಗೇ ಹೇಳ್ತೀನಿ.

ಮಂದ್ರ

ಇಬ್ಬರೂ 1988 ಹಿಡ್ಕೊಂಡಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ನಾನು ಹೇಳ್ಬೇಕು ಅಂತಿದ್ದ ಮೂರನೇ ಆಲ್ಬಮ್ಮೂ ಅದೇ ವರ್ಷದ್ದು, ಟಾಕ್ ಟಾಕ್ ಬ್ಯಾಂಡಿನ ಸ್ಪಿರಿಟ್ ಆಫ್ ಈಡನ್. ಮೂರನ್ನೂ ಒಟ್ಟಿಗೆ ಇಟ್ಕೊಂಡು ಕೇಳಿ.

ಪಬ್ಲಿಕ್ ಎನಿಮಿ ಆಲ್ಬಮ್ ನನಗೆ ಪ್ರಾಣ. ಅದರಲ್ಲಿ ಪದರ ಜಾಸ್ತಿ, ನಿಜ. ಆದ್ರೆ ಒಂದೊಂದು ಪದರಕ್ಕೂ ಅದರದ್ದೇ ಜಾಗ ಇದೆ, ಆ ಕಿರುಚೋ ಸ್ಯಾಕ್ಸ್ ಮೇಲಿನ ಸ್ಥಾಯಿಯಲ್ಲಿ, ಕಿಕ್ ಡ್ರಮ್ ಕೆಳಗೆ, ಚಕ್ ಡಿ ದನಿ ಮಧ್ಯದಲ್ಲಿ ಗಂಭೀರವಾಗಿ, ತಂಡದ ಇನ್ನೊಬ್ಬ ಫ್ಲೇವರ್ ಫ್ಲಾವ್ ಅದಕ್ಕಿಂತ ಮೇಲೆ ಚುರುಕಾಗಿ. ಚಕ್ ಡಿ ಸಾಲು ಮುಗಿಸಿ ಉಸಿರು ತಗೊಳೋ ಕ್ಷಣಕ್ಕೇ ಇನ್ನೊಂದು ತುಣುಕು ಬಂದು ಬೀಳುತ್ತೆ. ಎಷ್ಟೇ ಗದ್ದಲ ಇದ್ರೂ ಒಂದೇ ಒಂದು ಪದ ಕಳೆದುಹೋಗಲ್ಲ. ಜಾಗ ಬಿಡೋದು ಅಂದ್ರೆ ಕಮ್ಮಿ ನುಡಿಸೋದು ಅಂತ ನಾನು ಹೇಳ್ತಿಲ್ಲ, ಪಕ್ಕದವನು ಎಲ್ಲಿದಾನೆ ಅಂತ ಗೊತ್ತಿದ್ದು ನುಡಿಸೋದು.

ಜಸ್ಟಿಸ್ ವಿಷಯಕ್ಕೆ ಬಂದ್ರೆ ಲೋಹಪ್ರೇಮಿಯವರೇ, ಅಲ್ಲಿ ನಾನು ಸೋಲಲ್ಲ. ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಬಸ್ ಅಪಘಾತದಲ್ಲಿ ಹೋದ ಮೇಲೆ ಜೇಸನ್ ನ್ಯೂಸ್ಟೆಡ್ ಬಂದ, ಅವನು ಬ್ಯಾಂಡಿಗೆ ಬಂದ ಮೇಲಿನ ಮೊದಲ ಪೂರ್ಣ ಆಲ್ಬಮ್, ಅದರಲ್ಲಿ ಅವನ ಬೇಸ್ ಹೆಚ್ಚುಕಮ್ಮಿ ಕೇಳೋದೇ ಇಲ್ಲ. ಹಾಡುಗಳ ರಚನೆ ಅದ್ಭುತ, ವಾದ್ಯಗಾರಿಕೆ ಅದ್ಭುತ, ಎಲ್ಲಾ ಒಪ್ತೀನಿ. ಆದ್ರೆ ಬೇಸ್ ತೆಗೆದ ತಕ್ಷಣ ಗಿಟಾರಿನ ಕಾಲ ಕೆಳಗಿನ ನೆಲ ಹೋಯ್ತು. ಅಲ್ಲಿ ಖಾಲಿ ಇರೋದು ಒಬ್ಬ ಮನುಷ್ಯನ ಜಾಗ. ಅವನು ನುಡಿಸಿದಾನೆ, ಶ್ರಮ ಹಾಕಿದಾನೆ, ಮಿಕ್ಸಿಂಗಲ್ಲಿ ಅದು ಮುಳುಗಿಹೋಯ್ತು. ನನಗೆ ಆ ಆಲ್ಬಮ್ ಕೇಳಿದಾಗಲೆಲ್ಲ ಈ ಬೇಸರ ಜೊತೆಗೇ ಬರುತ್ತೆ.

ಸ್ಪಿರಿಟ್ ಆಫ್ ಈಡನ್ ಇದಕ್ಕೆ ಪೂರ್ತಿ ಉಲ್ಟಾ. ಟಾಕ್ ಟಾಕ್ ಅದಕ್ಕೆ ಮುಂಚೆ ಸಿಂಥ್ ಪಾಪ್ ಹಿಟ್‌ಗಳ ಬ್ಯಾಂಡು. ಅದರ ಹಾಡುಗಾರ ಮಾರ್ಕ್ ಹಾಲಿಸ್ ಈ ಆಲ್ಬಮ್‌ಗೆ ಸ್ಟುಡಿಯೋನ ಕತ್ತಲು ಮಾಡಿಸಿ, ಒಬ್ಬೊಬ್ಬರೇ ವಾದ್ಯಗಾರರನ್ನ ಕರೆಸಿ, ಮನಸ್ಸಿಗೆ ಬಂದಿದ್ದು ನುಡಿಸಿ ಅಂತ ಬಿಟ್ಟು, ಗಂಟೆಗಟ್ಟಲೆ ಟೇಪಲ್ಲಿ ಕೆಲವೇ ಕ್ಷಣಗಳನ್ನ ಉಳಿಸ್ಕೊಂಡು ಮಿಕ್ಕಿದ್ದನ್ನೆಲ್ಲ ಬಿಸಾಕಿದ. ಶುರುವಿಗೆ ದೂರದ ಟ್ರಂಪೆಟ್ಟು, ತಂತಿವಾದ್ಯದ ಸಣ್ಣ ಸದ್ದು, ಎಷ್ಟೋ ಹೊತ್ತಿನ ಮೇಲೆ ಗಿಟಾರು. ಆಮೇಲೆ ಯಾವಾಗಲೋ ಹಾರ್ಮೋನಿಕಾ ಎದೆ ಸೀಳೋ ಹಾಗೆ ಸಿಡಿಯುತ್ತೆ, ಅಷ್ಟು ಹೊತ್ತಿನ ಮೌನ ಇಲ್ದೇ ಹೋಗಿದ್ರೆ ಆ ಸಿಡಿತಕ್ಕೆ ಆ ಶಕ್ತಿ ಬರ್ತಿರ್ಲಿಲ್ಲ. ಆಮೇಲೆ ಪೋಸ್ಟ್ ರಾಕ್ ಅಂತ ಹೆಸರು ಬಂತಲ್ಲ, ಅದರ ಬೇರು ಹುಡುಕೋರು ಸಾಮಾನ್ಯವಾಗಿ ಮೊದಲು ಈ ಆಲ್ಬಮ್‌ಗೇ ಬರ್ತಾರೆ.

ಖ್ಯಾಲಿ

ಭಾಳ ಛಲೋ ಬರದೀರಿ. ನಾ ಹಿಂದೂಸ್ತಾನಿ ಕೇಳೂ ಮಂದಿ, ನಿಮ್ಮ ಈ ಜಾಗದ ಮಾತು ನಮಗ ಹೊಸಾದಲ್ಲ ಬಿಡ್ರಿ. ಉಸ್ತಾದ್ ಅಮೀರ್ ಖಾನ್ ಸಾಹೇಬ್ರ ಎಲ್‌ಪಿ ಕೇಳೀರೇನು, ಒಂದ್ ಕಡಿ ಮಾರ್ವಾ, ಇನ್ನೊಂದ್ ಕಡಿ ದರ್ಬಾರಿ? ಮಾರ್ವಾದಾಗ ಪಂಚಮ ಇಲ್ಲ, ಷಡ್ಜನೂ ಸುಲಭಕ್ಕ ಕೈಗೆ ಸಿಗಂಗಿಲ್ಲ. ಈಗ ಷಡ್ಜಕ್ಕ ಬಂದು ನಿಂದರ್ತಾರ, ಈಗ ನಿಂದರ್ತಾರ ಅಂತ ನಾವು ಕಾಯ್ಕೋತ ಕುಂದರ್ತೀವಿ, ಅವ್ರು ನಿಷಾದದಿಂದ ಕೋಮಲ ರಿಷಭಕ್ಕ ಹೋಗಿ ಧೈವತಕ್ಕ ಇಳದು ಬಿಡ್ತಾರ. ಕಡೀಕ ಷಡ್ಜ ಬಂದಾಗ ಮನಿ ಮುಟ್ಟಿದಂಗ ಆಗ್ತೈತಿ. ಅಂಥಾ ಅತಿ ವಿಲಂಬಿತದಾಗ ಒಂದು ಸ್ವರಕ್ಕೂ ಇನ್ನೊಂದು ಸ್ವರಕ್ಕೂ ನಡುವ ಎಷ್ಟು ಹೊತ್ತು, ಆದ್ರ ಒಂದು ಕ್ಷಣಾನೂ ಖಾಲಿ ಅನಸಂಗಿಲ್ಲ, ತಂಬೂರಿ ತುಂಬ್ಕೊಂಡಿರ್ತೈತಿ.

ಇನ್ನೊಂದು ಮಾತು. ನಿಮ್ಮ ಜಾಗದಾಗ ವೇಳೆನೂ ಸೇರಿಸ್ರಿ. ಗೌಹರ್ ಜಾನ್ 1902ರಾಗ ಹಾಡಿದ್ದು ಮೂರು ನಿಮಿಷದ ತಟ್ಟಿಗೆ, ಹಾಡು ಮುಗದ ಮ್ಯಾಲೆ ತನ್ನ ಹೆಸರೂ ತಾನೇ ಹೇಳ್ತಿದ್ಲು. ಅಬ್ದುಲ್ ಕರೀಂ ಖಾನ್ ಸಾಹೇಬ್ರೂ ಅಷ್ಟ ವೇಳ್ಯಾದಾಗ ಒಂದು ರಾಗದ ಜೀವಾ ಹಿಡದು ತೋರ್ಸ್ಯಾರ. ಎಲ್‌ಪಿ ಬಂದ ಮ್ಯಾಲೆ ಒಂದು ಕಡಿಗೆ ಇಪ್ಪತ್ತು ನಿಮಿಷದ ಮ್ಯಾಲೆ ಸಿಕ್ತು, ಅದಕ್ಕ ವಿಲಂಬಿತ ಖ್ಯಾಲ ರೆಕಾರ್ಡಿಗೆ ಬರಾಕ ಸಾಧ್ಯ ಆತು. ಮೂರು ನಿಮಿಷದಾಗ ಹಾಡಿದವ್ರು ಜಾಗ ಕೊಟ್ಟಿಲ್ಲ ಅಂತ ಹೇಳಾಕ ಬರಂಗಿಲ್ಲ, ಅವ್ರಿಗೆ ಸಿಕ್ಕಿದ್ದ ಅಷ್ಟು.

ಮಂದ್ರ

ಹೌದ್ರಿ, ವೇಳೆಯ ಮಾತು ನೂರಕ್ಕೆ ನೂರು ಸರಿ. ಆ ಮಾರ್ವಾ ನನ್ನ ಹತ್ರ ಇರೋದ್ರಲ್ಲೇ ಅತಿ ಹೆಚ್ಚು ಸಲ ಕೇಳಿರೋ ಹಿಂದೂಸ್ತಾನಿ ರೆಕಾರ್ಡು. ಮುಸ್ಸಂಜೆಯ ರಾಗ ಅಂತಾರೆ, ಅದರ ಚಡಪಡಿಕೆ ನನಗೆ ಯಾವ ಹೊತ್ತಲ್ಲಿ ಹಾಕಿದ್ರೂ ತಟ್ಟುತ್ತೆ.

ಆಲ್ಬಮ್ ಅಂತ ಯೋಚನೆ ಮಾಡಿ ಕಟ್ಟಿದ ಹಿಂದೂಸ್ತಾನಿ ರೆಕಾರ್ಡು ಅಂದ್ರೆ 1967ರ ಕಾಲ್ ಆಫ್ ದ ವ್ಯಾಲಿ. ಶಿವಕುಮಾರ ಶರ್ಮ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಕುರುಬನೊಬ್ಬನ ಒಂದು ದಿನ, ಬೆಳಗಿನ ಅಹಿರ್ ಭೈರವದಿಂದ ಶುರುವಾಗಿ ಹೊತ್ತು ಏರಿ ಇಳಿದ ಹಾಗೆ ರಾಗ ಬದಲಾಗ್ತಾ ಹೋಗುತ್ತೆ. ಬಹಳ ಜನ ಇದನ್ನ ಹಿನ್ನೆಲೆಗೆ ಹಾಕ್ಕೊಂಡು ಬೇರೆ ಕೆಲಸ ಮಾಡ್ತಾರೆ, ಅದರಿಂದ ಇದು ಹಗುರ ಅನ್ನೋ ಹೆಸರು ಬಂದಿದೆ, ನನಗೆ ಅದು ಅನ್ಯಾಯ ಅನ್ಸುತ್ತೆ. ಕಾಬ್ರಾ ಅವರ ಗಿಟಾರನ್ನೇ ಹಿಡ್ಕೊಂಡು ಒಂದು ಸಲ ಕೇಳಿ, ಸಂತೂರಿಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಎಳೆಯೋದು ಕಷ್ಟ, ಸ್ವರ ಹುಟ್ಟಿದ ತಕ್ಷಣ ಸಣ್ಣಗಾಗ್ತಾ ಹೋಗುತ್ತೆ, ಅಲ್ಲಿ ಗಿಟಾರ್ ಬಂದು ಉದ್ದಕ್ಕೆ ಎಳೆದು ತುಂಬುತ್ತೆ. ಮೂರು ವಾದ್ಯದ ಗುಣ ಬೇರೆ ಬೇರೆ ಆಗಿರೋದ್ರಿಂದಲೇ ಒಂದರ ಕೊರತೆಯನ್ನ ಇನ್ನೊಂದು ನೋಡ್ಕೊಳ್ಳುತ್ತೆ.

ಫ್ಯೂಶನ್ ಅನ್ನೋದು ಹೆಚ್ಚಿನ ಸಲ ಕೆಡೋದೂ ಇಲ್ಲೇ. ಡ್ರಮ್ಸ್, ಕೀಬೋರ್ಡು, ತಬಲ, ವಯೊಲಿನ್ ಎಲ್ಲಾ ಒಟ್ಟಿಗೆ ವೇಗವಾಗಿ ನುಡಿಸಿ ಕೊನೆಗೊಂದು ತಿಹಾಯಿ (ಮೂರು ಸಲ ಬರೋ ಮುಕ್ತಾಯ) ಹೊಡೆದು ಮುಗಿಸ್ತಾರೆ. ಕೇಳೋಕೆ ಜೋರಾಗಿರುತ್ತೆ, ಮನಸ್ಸಲ್ಲಿ ಏನೂ ಉಳಿಯಲ್ಲ. ಇದಕ್ಕೆ ಹೊರತಾಗಿ ನಾನು ಧೈರ್ಯವಾಗಿ ಹೇಳೋ ಆಲ್ಬಮ್ 2008ರ ಕಿನ್ಸ್‌ಮೆನ್. ನಮ್ಮ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ, ಜೊತೆಗೆ ಎ. ಕನ್ಯಾಕುಮಾರಿ ವಯೊಲಿನ್, ಪೂವಲೂರ್ ಶ್ರೀಜಿ ಮೃದಂಗ, ರೆಝ್ ಅಬ್ಬಾಸಿ ಗಿಟಾರ್. ಎರಡೂ ಆಲ್ಟೋ ಸ್ಯಾಕ್ಸೇ, ಒಂದೇ ವಾದ್ಯ, ಆದ್ರೆ ಗೋಪಾಲನಾಥ್ ಅವರು ಸ್ವರವನ್ನ ಗಮಕದಲ್ಲಿ ತೂಗಿ ಬಿಡ್ತಾರೆ, ಮಹಂತಪ್ಪ ಅದೇ ಸ್ವರವನ್ನ ಚೂಪಾಗಿ ಮುರಿದು ಇಡ್ತಾರೆ. ಕಣ್ಣು ಮುಚ್ಕೊಂಡು ಕೇಳಿದ್ರೂ ಯಾರು ಯಾವಾಗ ನುಡಿಸ್ತಿದಾರೆ ಅಂತ ಗೊತ್ತಾಗುತ್ತೆ. ಒಬ್ಬರು ಇನ್ನೊಬ್ಬರ ಥರ ಆಗೋಕೆ ಹೋಗಿಲ್ಲ. ಇಷ್ಟು ಒಳ್ಳೇ ಆಲ್ಬಮ್ ಬಗ್ಗೆ ಕನ್ನಡದಲ್ಲಿ ಯಾರೂ ಮಾತಾಡೋದು ಕಾಣಲ್ಲ, ಅದೊಂದು ದುಃಖ.

ಸಾಲುಗಿವಿ

ಒಂದು ಪ್ರಶ್ನೆ ಸರ್. ಕೈಂಡ್ ಆಫ್ ಬ್ಲೂ ಬೇರೆ ಬೇರೆ ಆವೃತ್ತಿಯಲ್ಲಿ ಶ್ರುತಿ ಬೇರೆ ಅಂತಾರಲ್ಲ, ನಿಜಾನಾ? ಕೊಳಲು ಇಟ್ಕೊಂಡು ಜೊತೆಗೆ ನುಡಿಸೋಕೆ ಹೋದ್ರೆ ಒಂದರಲ್ಲಿ ಕೂಡುತ್ತೆ ಇನ್ನೊಂದರಲ್ಲಿ ಕೂಡಲ್ಲ.

ಆಮೇಲೆ ನೀವು ಹಾಡಿನ ಮಾತುಗಳ ಬಗ್ಗೆ ಏನೂ ಹೇಳಿಲ್ಲ, ಬರೀ ವಾದ್ಯ. ನನಗೆ ಆಲ್ಬಮ್ ಅಂದ್ರೆ ಮೊದಲು ನೆನಪಾಗೋದು ನಿತ್ಯೋತ್ಸವ. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ, 1978ರಲ್ಲಿ ಬಂದ ಕ್ಯಾಸೆಟ್ಟು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದೇ. ಅಲ್ಲಿ ಜಾಗ ಬಿಟ್ಟಿರೋದು ಕವಿತೆಗೆ. ರಾಗ ಎಷ್ಟೇ ಚೆನ್ನಾಗಿದ್ರೂ ಪದದ ಅರ್ಥ ನುಂಗಿ ಹಾಕಲ್ಲ. ಈಗಿನ ಎಷ್ಟೋ ಭಾವಗೀತೆ ಆಲ್ಬಮ್‌ಗಳಲ್ಲಿ ಕೀಬೋರ್ಡು ರಿದಮ್ ಪ್ಯಾಡು ತುಂಬಿ ಪದಾನೇ ಕೇಳಲ್ಲ, ಆಗ ಕವಿತೆ ಯಾಕೆ ತಗೋಬೇಕು ಅಂತ ಸಿಟ್ಟು ಬರುತ್ತೆ.

ಮಂದ್ರ

ನಿಜ, ಶ್ರುತಿ ಬೇರೆನೇ. ಮಾರ್ಚ್ 2ರ ಸೆಶನ್‌ನಲ್ಲಿ ಮಾಸ್ಟರ್ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡ್ತಿತ್ತು, ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲನೇ ಬದಿಯ ಮೂರೂ ಟ್ಯೂನು ಮೂಲಕ್ಕಿಂತ ಚೂರು ಏರು ಶ್ರುತಿಯಲ್ಲಿ, ಚೂರು ವೇಗವಾಗಿ ಕೇಳ್ತಿತ್ತು. ಅವತ್ತು ಜೊತೆಗೇ ಓಡ್ತಿದ್ದ ಇನ್ನೊಂದು ಯಂತ್ರದ ಟೇಪು ಸರಿ ಇತ್ತು, 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನ ಬಳಸಿ ಸರಿ ಮಾಡಿದ್ರು. ಕೊಳಲು ಜೊತೆ ನುಡಿಸೋದಾದ್ರೆ ಅದಕ್ಕಿಂತ ಈಚಿನ ಆವೃತ್ತಿ ಹಿಡೀರಿ. ಮೂವತ್ತಕ್ಕೂ ಹೆಚ್ಚು ವರ್ಷ ಜನ ಏರು ಶ್ರುತಿಯನ್ನೇ ಕೇಳಿ ಕಲ್ತಿದಾರೆ.

ನಿತ್ಯೋತ್ಸವದ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ಹತ್ತಿರ ಬಂತು. ಮಾತಿಗೆ ಜಾಗ ಬಿಡೋದ್ರಲ್ಲಿ ಜೋನಿ ಮಿಚೆಲ್‌ಳ ಬ್ಲೂ ಕೇಳಿ, 1971ರದ್ದು. ಒಂದು ಗಿಟಾರ್ ಅಥವಾ ಪಿಯಾನೋ ಅಥವಾ ಡಲ್ಸಿಮರ್, ಅಷ್ಟೇ, ಮಿಕ್ಕವರು ಬಂದ್ರೂ ಬಾಗಿಲ ಹತ್ರಾನೇ ನಿಂತಿರ್ತಾರೆ. ಅವಳು ಸಾಲಿನ ಕೊನೆಯಲ್ಲಿ ದನಿಯನ್ನ ಮೇಲಕ್ಕೆ ಹಾರಿಸಿ ಬಿಡ್ತಾಳಲ್ಲ, ಅದು ಸಂಗೀತಕ್ಕೆ ಪದ ಬಗ್ಗಿಸಿರೋದು ಅನ್ಸಲ್ಲ, ಮಾತಾಡ್ತಾ ಮಾತಾಡ್ತಾ ಗಂಟಲು ಕಟ್ಟಿದ ಹಾಗೆ ಇರುತ್ತೆ.

ಬೀಟ್ ಹುಚ್ಚ

ನಿಮ್ಮ ಪಬ್ಲಿಕ್ ಎನಿಮಿ ವಿವರಣೆ ಒಪ್ಪಿದೆ. ಹಾಗಾದ್ರೆ ಜಮೈಕಾದ ಡಬ್ ಸಂಗೀತದ ಬಗ್ಗೆ ಹೇಳ್ಲೇಬೇಕು, ಜಾಗ ಅನ್ನೋದನ್ನೇ ವಾದ್ಯ ಮಾಡ್ಕೊಂಡಿರೋ ಸಂಗೀತ ಅದೊಂದೇ. 1976ರ ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್, ಆಗಸ್ಟಸ್ ಪಾಬ್ಲೋ ಮೆಲೋಡಿಕಾ, ಕಿಂಗ್ ಟಬ್ಬಿ ಮಿಕ್ಸಿಂಗ್. ಟಬ್ಬಿ ಮೂಲತಃ ರೇಡಿಯೋ ಆಂಪ್ಲಿಫೈಯರ್ ರಿಪೇರಿ ಮಾಡೋನು. ಹಾಡಿರೋ ರೆಗೇ ಹಾಡು ತಗೊಂಡು ದನಿ ಕಿತ್ತು ಹಾಕ್ತಾನೆ, ಗಿಟಾರ್ ಒಂದು ಕ್ಷಣ ಬಿಟ್ಟು ಮತ್ತೆ ಮುಚ್ತಾನೆ, ಉಳಿಯೋದು ಬೇಸು ಡ್ರಮ್ಮು, ಹಾಡುಗಾರನ ಅರ್ಧ ಪದ ಎಕೋದಲ್ಲಿ ತಿರುಗಿ ತಿರುಗಿ ಕರಗುತ್ತೆ. ಮಿಕ್ಸಿಂಗ್ ಬೋರ್ಡನ್ನೇ ವಾದ್ಯದ ಥರ ನುಡಿಸಿದ. ಆಮೇಲಿನ ರೀಮಿಕ್ಸು, ಡ್ರಮ್ ಅಂಡ್ ಬೇಸು, ಡಬ್‌ಸ್ಟೆಪ್ಪು ಎಲ್ಲಾ ಇದರ ಮಕ್ಕಳೇ.

ಆಮೇಲೆ ನೈಜೀರಿಯಾದ ಫೇಲಾ ಕೂಟಿಯ ಝಾಂಬಿ. ಟೋನಿ ಆಲನ್ ಡ್ರಮ್ಸ್. ಹನ್ನೆರಡು ನಿಮಿಷದ ಹಾಡು, ಫೇಲಾ ಬಾಯಿ ಬಿಡೋದಕ್ಕೆ ಎಷ್ಟೋ ಮುಂಚೆ ಇಡೀ ಬ್ಯಾಂಡು ತಾಳ ಕಟ್ಟಿ ನಿಲ್ಸಿರುತ್ತೆ. ಅಷ್ಟು ಜನ ನುಡಿಸ್ತಿದಾರೆ, ಒಬ್ಬೊಬ್ಬರು ಸಣ್ಣ ಸಣ್ಣ ತುಂಡು ಮಾತ್ರ. ಸೈನಿಕರನ್ನ ಆಡಿಸಿದ ಹಾಗೆ ಆಡೋ ಬೊಂಬೆಗಳು ಅಂತ ಹಾಡಿದ, 1977ರ ಫೆಬ್ರವರಿಯಲ್ಲಿ ಸೈನ್ಯ ಅವನ ಮನೆಗೆ ನುಗ್ಗಿ ಬೆಂಕಿ ಹಾಕ್ತು, ತಾಯಿಯನ್ನ ಕಿಟಕಿಯಿಂದ ಎಸೆದ್ರು, ಮಾರನೇ ವರ್ಷ ಆಕೆ ತೀರಿಕೊಂಡ್ರು. ಕುಣಿಯೋ ಹಾಡಿಗೆ ಒಬ್ಬ ಮನುಷ್ಯ ಇಷ್ಟು ಬೆಲೆ ತೆತ್ತಿದ್ದಾನೆ ಅಂತ ಗೊತ್ತಾದ ಮೇಲೆ ನನಗೆ ಅದನ್ನ ಪಾರ್ಟಿ ಪ್ಲೇಲಿಸ್ಟಲ್ಲಿ ಹಾಕೋಕೆ ಮನಸ್ಸು ಬರಲ್ಲ.

ಲೋಹಪ್ರೇಮಿ

ಜಸ್ಟಿಸ್ ವಿಷಯದಲ್ಲಿ ನಾನು ನನ್ನ ಮಾತಿಗೇ ನಿಂತಿದೀನಿ. ಬೇಸ್ ಇಲ್ಲದ ಕಾರಣಕ್ಕೇ ಆ ಗಿಟಾರುಗಳು ಗರಗಸದ ಹಾಗೆ ಕುಯ್ಯುತ್ತೆ, ಆ ಚಳಿ ಆ ಹಾಡುಗಳಿಗೆ ಬೇಕು, ಯುದ್ಧ ಅನ್ಯಾಯದ ಬಗ್ಗೆ ಇರೋ ಹಾಡುಗಳು ಬೆಚ್ಚಗಿರಬಾರದು. ಅಭಿಮಾನಿಗಳು ಬೇಸ್ ಜಾಸ್ತಿ ಮಾಡಿ ಹಾಕಿರೋ ಮಿಕ್ಸ್‌ಗಳನ್ನೂ ಕೇಳಿದೀನಿ, ತೂಕ ಬಂತು, ಆ ಚಳಿ ಹೋಯ್ತು. ನ್ಯೂಸ್ಟೆಡ್‌ಗೆ ಅನ್ಯಾಯ ಆಗಿದ್ದು ಮಾತ್ರ ನೂರಕ್ಕೆ ನೂರು ನಿಜ.

ಆದ್ರೆ ಮೆಟಾಲಿಕಾದ್ದೇ 2008ರ ಡೆತ್ ಮ್ಯಾಗ್ನೆಟಿಕ್ ನಾನೂ ಸಮರ್ಥನೆ ಮಾಡಲ್ಲ. ಒಳ್ಳೇ ಹಾಡುಗಳು, ಸದ್ದು ಎಷ್ಟು ಏರಿಸಿದಾರೆ ಅಂದ್ರೆ ಡ್ರಮ್ ಏಟು ಬಿದ್ದಾಗಲೆಲ್ಲ ಒಡೆದ ಸ್ಪೀಕರ್ ಥರ ಕರಕರ ಅನ್ನುತ್ತೆ. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಗೇಮಲ್ಲಿ ಬಂದಾಗ ಅಷ್ಟು ಒತ್ತಿರಲಿಲ್ಲ, ಜನ ಆಲ್ಬಮ್ ಬಿಟ್ಟು ಗೇಮಿನ ಆವೃತ್ತಿ ಹುಡುಕ್ಕೊಂಡು ಹೋದ್ರು.

ಮಂದ್ರ

ಆ ಚಳಿಯ ಮಾತು ಚೆನ್ನಾಗಿದೆ, ಮುಂದಿನ ಸಲ ಜಸ್ಟಿಸ್ ಹಾಕಿದಾಗ ಅದನ್ನ ಮನಸ್ಸಲ್ಲಿ ಇಟ್ಕೊಂಡು ಕೇಳ್ತೀನಿ. ಆದ್ರೂ ನನ್ನ ಓಟು ಮಾಸ್ಟರ್ ಆಫ್ ಪಪೆಟ್ಸ್‌ಗೇ.

ಡೆತ್ ಮ್ಯಾಗ್ನೆಟಿಕ್ ಒಂದೇ ಅಲ್ಲ, ಆ ಹತ್ತು ಹದಿನೈದು ವರ್ಷದ ಎಷ್ಟೋ ಆಲ್ಬಮ್‌ಗಳಿಗೆ ಅದೇ ಗತಿ. ಮೆಲ್ಲಗಿರೋದನ್ನ ಜೋರು ಮಾಡಿ, ಜೋರಾಗಿರೋದರ ತುದಿ ಕತ್ತರಿಸಿ, ಎಲ್ಲಾ ಒಂದೇ ಮಟ್ಟಕ್ಕೆ ತಂದುಬಿಟ್ಟಾಗ ಯಾವುದೂ ಮುಂದೆ ಬರಲ್ಲ ಯಾವುದೂ ಹಿಂದೆ ಹೋಗಲ್ಲ, ಕಿವಿ ಬೇಗ ದಣಿಯುತ್ತೆ. ಈಗ ಸ್ಟ್ರೀಮಿಂಗ್ ಸೇವೆಗಳು ಎಲ್ಲಾ ಹಾಡನ್ನೂ ಒಂದೇ ಸದ್ದಿನ ಮಟ್ಟಕ್ಕೆ ಹೊಂದಿಸಿ ಕೇಳ್ಸೋದ್ರಿಂದ ಜೋರು ಮಾಡಿ ಗೆಲ್ಲೋ ಲಾಭ ಕಮ್ಮಿ ಆಗಿದೆ, ಅದೊಂದು ಒಳ್ಳೇ ಬದಲಾವಣೆ.

ಡಬ್ ಮರೆತಿರಲಿಲ್ಲ, ನೀವು ನನಗಿಂತ ಚೆನ್ನಾಗಿ ಹೇಳಿದ್ರಿ. ಅದರ ಪಕ್ಕದಲ್ಲೇ 1978ರ ಬ್ರಯಾನ್ ಈನೋನ ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್ ಇಡ್ತೀನಿ. ಅದರ ಒಂದು ಟ್ರ್ಯಾಕಲ್ಲಿ ಬೇರೆ ಬೇರೆ ಉದ್ದದ ಟೇಪ್ ಲೂಪು, ಒಂದೊಂದರಲ್ಲೂ ಪದ ಇಲ್ಲದೆ ಹಾಡಿರೋ ಒಂದೇ ಸ್ವರ, ಉದ್ದ ಹೊಂದಿಕೆ ಆಗದೇ ಇರೋದ್ರಿಂದ ಅವು ಸೇರೋ ರೀತಿ ಪ್ರತಿ ಸಲ ಬೇರೆ. ಯಾರೂ ನುಡಿಸ್ತಿಲ್ಲ, ಆದ್ರೂ ಒಂದು ದನಿ ಇನ್ನೊಂದಕ್ಕೆ ಕಾದು ಬಂದ ಹಾಗಿರುತ್ತೆ.

ಸಾಲುಗಿವಿ

ಇಷ್ಟೆಲ್ಲ ಹೆಸರು ನೋಡಿ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಸರ್. ನಾನು ಭಾವಗೀತೆ, ಹಳೇ ಸಿನಿಮಾ ಹಾಡು, ಸ್ವಲ್ಪ ಕರ್ನಾಟಕ ಸಂಗೀತ ಕೇಳೋನು. ಇದರಲ್ಲಿ ಮೊದಲು ಯಾವುದು ಕೇಳ್ಲಿ?

ಮಂದ್ರ

ಕಿನ್ಸ್‌ಮೆನ್ ಮೊದಲು, ಅದರಲ್ಲಿ ಗೋಪಾಲನಾಥ್ ಅವರ ಗಮಕ ನಿಮಗೆ ಪರಿಚಯದ ಬಾಗಿಲು, ಅಲ್ಲಿಂದ ಒಳಗೆ ಹೋದ್ರೆ ಜಾಝ್ ಸೋಲೋ ಅಪರಿಚಿತ ಅನ್ಸಲ್ಲ. ಅದಾದ ಮೇಲೆ ಕೈಂಡ್ ಆಫ್ ಬ್ಲೂ, ಮನಸ್ಸಲ್ಲೇ ಖರಹರಪ್ರಿಯದ ಸ್ವರಗಳನ್ನ ಹೇಳ್ಕೊಂಡು ಕೇಳಿ, ಶ್ರುತಿ ಅರ್ಧ ಸ್ವರ ಏರೋ ಜಾಗ ತಾನಾಗೇ ಸಿಗುತ್ತೆ. ಹಾಡಿನ ಮಾತು ಬೇಕು ಅನ್ಸಿದಾಗ ಜೋನಿ ಮಿಚೆಲ್. ಸಬ್ಬತ್ತೂ ಪಬ್ಲಿಕ್ ಎನಿಮಿನೂ ಯಾವಾಗ ಬೇಕಾದ್ರೂ ಕೇಳ್ಬೋದು, ಅದಕ್ಕೆ ತಯಾರಿ ಏನೂ ಬೇಡ, ಆದ್ರೆ ಫೋನ್ ಸ್ಪೀಕರಲ್ಲಿ ಮಾತ್ರ ಬೇಡ, ಬೇಸ್ ಕೇಳದೇ ಹೋದ್ರೆ ಅರ್ಧ ಆಲ್ಬಮ್ ಹೋಯ್ತು. ಸ್ಪಿರಿಟ್ ಆಫ್ ಈಡನ್ ಕೊನೆಗೆ ಇಟ್ಕೊಳ್ಳಿ, ಮೊದಲ ಮೂರು ಹಾಡು ಒಂದಕ್ಕೊಂದು ಸೇರ್ಕೊಂಡೇ ಇದೆ, ಶಫಲ್ ಆಫ್ ಮಾಡಿ, ಮಧ್ಯದಲ್ಲಿ ನಿಲ್ಲಿಸ್ಬೇಡಿ, ಶುರುವಿನ ಎರಡು ನಿಮಿಷ ಏನೂ ಆಗ್ತಿಲ್ಲ ಅಂತ ವಾಲ್ಯೂಮ್ ಜಾಸ್ತಿ ಮಾಡ್ಬೇಡಿ, ಹಾರ್ಮೋನಿಕಾ ಬಂದಾಗ ಬೆಚ್ಚಿ ಬೀಳ್ತೀರಾ.